ಮರದಿಂದ ಬಿದ್ದವನಿಗೆ ಮೊದಲ ಆಸ್ಪತ್ರೆ ಯಾವುದು?

ಮಳೆಗೆ ಮೊದಲೊಮ್ಮೆ, ಆಟಿಯಲ್ಲಿ ಮತ್ತೊಮ್ಮೆ ಅಡಿಕೆಗೆ ಬೋರ್ಡೋ ಮದ್ದು ಬಿಡುವುದು, ಆಮೇಲೆ ಕೊಯ್ಲು. ಹೀಗೆ ವರ್ಷದ ಬಹುಭಾಗ ನಮ್ಮ ತೋಟಗಳಲ್ಲಿ ಯಾರಾದರೊಬ್ಬರು ಮರದ ಮೇಲೆ ಇದ್ದೇ ಇರುತ್ತಾರೆ. ಕಾಲಿಗೆ ತಳೆ, ಕೈಯಲ್ಲಿ ಕತ್ತಿ, ಪಾಚಿ ಹಿಡಿದು ಜಾರುವ ಮರ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಹತ್ತುವವರು ಕಡಿಮೆಯಾಗಿದ್ದಾರೆ, ನಿಜ; ಆದರೆ ದೋಟಿ ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ಕೃಷಿಪುಟದಲ್ಲಿ ಆಸ್ಪತ್ರೆಯ ಮಾತೇಕೆಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೆ: ಕೊಳೆರೋಗಕ್ಕೆ ಮದ್ದು ಬಿಡುವವನ ಬೆನ್ನೆಲುಬೂ ತೋಟದ ವಿಷಯವೇ.

ಬಿದ್ದ ಕೂಡಲೆ ನಮ್ಮ ಕಡೆ ಬಾಯಿಗೆ ಬರುವ ಮಾತು ‘ಮಂಗಳೂರಿಗೆ ಒಯ್ಯಿರಿ’ ಎಂಬುದು. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರು. ಒಳನಾಡಿನ ತೋಟದಿಂದ ಗಾಯಾಳುವನ್ನು ಹೊತ್ತು ಡಾಮರು ರಸ್ತೆಗೆ ಮುಟ್ಟಿಸುವ ಹೊತ್ತು ಬೇರೆ. ನಮ್ಮ ನೆರೆಯಲ್ಲಿ ಬಿದ್ದ ಒಬ್ಬನನ್ನು ಹೀಗೆಯೇ ಕೈಕಾಲು ಹಿಡಿದು ಜೀಪಿನಲ್ಲಿ ಕುಳ್ಳಿರಿಸಿ ಒಯ್ದರು. ದಾರಿಯ ಮೊದಲ ಆಸ್ಪತ್ರೆಯಲ್ಲಿ ‘ಇಲ್ಲಿ ಆಗುವುದಿಲ್ಲ’ ಎಂದು ಒಂದು ಚೀಟಿ ಬರೆದುಕೊಟ್ಟರು. ರಕ್ತದೊತ್ತಡ ನೋಡಿದವರಿಲ್ಲ, ಕುತ್ತಿಗೆ ಅಲುಗದಂತೆ ಕಟ್ಟಿದವರಿಲ್ಲ. ಎರಡನೆಯದರಲ್ಲಿಯೂ ಅದೇ ಚೀಟಿ. ಮೂರನೆಯದಕ್ಕೆ ಮುಟ್ಟುವಾಗ ಕತ್ತಲೆಯಾಗಿತ್ತು. ಅವನು ಬದುಕಿದ, ಆದರೆ ಎದ್ದು ನಡೆಯಲಿಲ್ಲ. ಮೊದಲ ಆಸ್ಪತ್ರೆಯಲ್ಲಿ ತಡೆದಿದ್ದರೆ ನಡೆಯುತ್ತಿದ್ದನೇ ಎಂದು ಯಾರೂ ಹೇಳಲಾರರು. ತಡೆಯಲು ಯಾರೂ ಯತ್ನಿಸಲಿಲ್ಲವೆಂಬುದು ಮಾತ್ರ ಖಂಡಿತ.

ಚಿಕ್ಕ ಆಸ್ಪತ್ರೆಯಿಂದ ಏನಾದೀತು ಎನ್ನುವವರಿಗೆ ಅಮೆರಿಕೆಯ ಒಂದು ಜೋಳದ ಗದ್ದೆಯ ಕಥೆ ಹೇಳಬೇಕು. 1976ರಲ್ಲಿ ನೆಬ್ರಾಸ್ಕ ಪ್ರಾಂತದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ವೈದ್ಯರು ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ಗದ್ದೆಗೆ ಬಿತ್ತು. ಹೆಂಡತಿ ಸತ್ತರು, ಮಕ್ಕಳಿಗೆ ತೀವ್ರ ಗಾಯ. ಹತ್ತಿರದ ಹಳ್ಳಿ ಆಸ್ಪತ್ರೆಯಲ್ಲಿ ಗಾಯಾಳುವನ್ನು ಯಾವ ಕ್ರಮದಿಂದ ನೋಡಬೇಕೆಂಬುದೇ ತಿಳಿಯದಿದ್ದುದನ್ನು ಆ ವೈದ್ಯರು ಕಣ್ಣಾರೆ ಕಂಡರು. ಆ ನೋವಿನಿಂದ ಹುಟ್ಟಿದ್ದೇ 1978ರ ಒಂದು ತರಬೇತಿ. ಇಂದು ಲೋಕದ ಅನೇಕ ದೇಶಗಳಲ್ಲಿ ಅದೇ ಕ್ರಮ. ಮೊದಲು ಉಸಿರಿನ ದಾರಿ ತೆರೆದಿದೆಯೇ, ಕುತ್ತಿಗೆ ಅಲುಗದಂತಿದೆಯೇ, ಎರಡನೆಯದು ಎದೆ ಏರಿಳಿಯುತ್ತಿದೆಯೇ, ಮೂರನೆಯದು ರಕ್ತ ಎಲ್ಲಿ ಸೋರುತ್ತಿದೆ, ಆಮೇಲೆ ಪ್ರಜ್ಞೆ, ಕೊನೆಗೆ ಬಟ್ಟೆ ಬಿಚ್ಚಿ ಮೈಯೆಲ್ಲ ಪರೀಕ್ಷೆ, ಚಳಿಯಾಗದಂತೆ ಹೊದಿಕೆ. ಕ್ಷಣದಲ್ಲಿ ಕೊಲ್ಲುವುದನ್ನು ಮೊದಲು ತಡೆಯಬೇಕು. ಮುರಿದ ಕಾಲಿನ ಎಕ್ಸ್‌ರೇ ಕಾಯಲಿ. ಮಕ್ಕಳಿಗೆ ಮಗ್ಗಿ ಕಲಿಸಿದಂತೆ ಕಲಿಸಬಹುದಾದ ಪಾಠವಿದು. ಇದಕ್ಕೆ ಹತ್ತು ಅಂತಸ್ತಿನ ಕಟ್ಟಡ ಬೇಡ.

ಮದ್ದಿನ ಮಾತೂ ಹಾಗೆಯೇ. ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಚುಚ್ಚುಮದ್ದು ರಕ್ತ ಸೋರಿ ಸಾಯುವವರಲ್ಲಿ ಕೆಲವರನ್ನು ಉಳಿಸುತ್ತದೆಂದು 2010ರಲ್ಲಿ, 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಪರೀಕ್ಷೆ ತೋರಿಸಿತು. ಆದರೆ 3 ಗಂಟೆಯ ಒಳಗೆ ಕೊಡಬೇಕು. ತಡವಾದರೆ ಕೇಡೂ ಆದೀತು. ದೂರದ ದೊಡ್ಡಾಸ್ಪತ್ರೆಯಲ್ಲಿ ಇದ್ದು ಹತ್ತಿರದ ಚಿಕ್ಕಾಸ್ಪತ್ರೆಯಲ್ಲಿ ಇಲ್ಲದಿದ್ದರೆ ಅದರಿಂದ ನಮಗೇನು ಬಂತು?

ಕಾನೂನು ನಮ್ಮ ಪಕ್ಕದಲ್ಲಿದೆ. 1992ರಲ್ಲಿ ಬಂಗಾಳದ ಕೃಷಿಕೂಲಿಕಾರನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಸರಕಾರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ. ಎಲ್ಲಿಯೂ ಹಾಸಿಗೆ ಸಿಗದೆ ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತ. ಅವನ ಪರವಾಗಿ ಕೃಷಿಕೂಲಿಕಾರರ ಸಂಘವೇ ಕೋರ್ಟಿಗೆ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟು 25,000 ರೂಪಾಯಿ ಪರಿಹಾರ ಕೊಡಿಸಿತಲ್ಲದೆ, ಗಾಯಾಳುವಿಗೆ ಪ್ರಾಥಮಿಕ ಕೇಂದ್ರದಲ್ಲೆ ತುರ್ತು ಚಿಕಿತ್ಸೆಯಾಗಬೇಕು, ಹಾಸಿಗೆ ಎಲ್ಲಿ ಖಾಲಿಯಿದೆಯೆಂದು ತಿಳಿಸುವ ಒಂದು ಕೇಂದ್ರ ವ್ಯವಸ್ಥೆ ಇರಬೇಕು ಎಂದಿತು. ಆ ಎರಡನೆಯ ಮಾತೇ ನಮಗೆ ಮುಖ್ಯ. ಚೀಟಿ ಬರೆಯುವುದು ಕಳುಹಿಸಿದಂತಲ್ಲ. ಮುಂದಿನ ಆಸ್ಪತ್ರೆಗೆ ಫೋನು ಮಾಡಿ, ಗಾಯವೇನು, ಕೊಟ್ಟ ಮದ್ದೇನು, ಯಾವ ಗುಂಪಿನ ರಕ್ತ ಬೇಕು ಎಂದು ತಿಳಿಸಿ, ‘ಬರಲಿ’ ಎಂಬ ಉತ್ತರ ಪಡೆದ ಮೇಲೆಯೇ ಗಾಡಿ ಹೊರಡತಕ್ಕದ್ದು. ಹಾಗಾದರೆ ಅತ್ತ ಬಾಗಿಲಲ್ಲಿ ಜನ ಕಾದಿರುತ್ತಾರೆ.

ಗಡಿನಾಡಿನವರಾದ ನಮಗೆ ಈ ಫೋನು ಎರಡು ರಾಜ್ಯಗಳ ನಡುವೆ ಹೋಗಬೇಕಾದದ್ದು. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಏನಾಯಿತೆಂದು ಮರೆತವರಿಲ್ಲ. ಮಂಗಳೂರಿಗೆ ಹೋಗಲಾಗದೆ ಕೆಲವರು ಪ್ರಾಣ ಬಿಟ್ಟರು, ಕೇರಳ ಹೈಕೋರ್ಟೂ ಸುಪ್ರೀಂ ಕೋರ್ಟೂ ನಡುವೆ ಬರಬೇಕಾಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಅಡಿಗಲ್ಲು ಹಾಕಿದ ವರ್ಷ ನೆಟ್ಟ ಅಡಿಕೆ ಸಸಿ ಫಲಕ್ಕೆ ಬಂದು ವರ್ಷಗಳೇ ಆದುವು ಎಂದು ನಮ್ಮೂರಿನ ಹಿರಿಯರು ನಗೆಯಾಡುವುದುಂಟು. ಮಂಗಳೂರನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿಗೆ ಜೀವಸಹಿತ ಮುಟ್ಟಿಸಬಲ್ಲ ಆಸ್ಪತ್ರೆ ನಮ್ಮ ಮಗ್ಗುಲಲ್ಲಿರಬೇಕೆಂದು ಹೇಳುತ್ತೇವೆ.

ಹಣದ ವಿಷಯದಲ್ಲಿಯೂ ಒಂದು ಅನ್ಯಾಯವಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳ ತನಕ 1.5 ಲಕ್ಷ ರೂಪಾಯಿಯ ವರೆಗೆ ನಗದು ಕೊಡದೆ ಚಿಕಿತ್ಸೆ ದೊರೆಯುತ್ತದೆ. ಒಳ್ಳೆಯದೇ. ಆದರೆ ಅದು ಮೋಟಾರು ವಾಹನದ ಅಪಘಾತಕ್ಕೆ ಮಾತ್ರ. ಬೈಕಿನಿಂದ ಬಿದ್ದವನ ಬೆನ್ನೆಲುಬಿಗೂ ಮರದಿಂದ ಬಿದ್ದವನ ಬೆನ್ನೆಲುಬಿಗೂ ಭೇದವೇನು? ಈ ಯೋಜನೆಯನ್ನು ತೋಟ, ಗದ್ದೆಗಳ ಅಪಘಾತಕ್ಕೂ ವಿಸ್ತರಿಸಬೇಕೆಂದು ಕೇಳುವುದು ನ್ಯಾಯವೇ ಸರಿ.

ತೋಟದಲ್ಲಿ ಮಾಡತಕ್ಕದ್ದನ್ನೂ ಹೇಳಿಬಿಡುತ್ತೇವೆ. ಬಿದ್ದವನನ್ನು ಎಬ್ಬಿಸಿ ಕುಳ್ಳಿರಿಸಬಾರದು, ನೀರು ಕುಡಿಸಬಾರದು. ಒಬ್ಬ ತಲೆಯನ್ನು ಎರಡು ಕೈಯಲ್ಲಿ ನೇರವಾಗಿ ಹಿಡಿಯಲಿ. ಉಳಿದ ಮೂವರು ಮೈಯನ್ನು ಒಟ್ಟಿಗೆ ಮರದ ದಿಮ್ಮಿಯಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಲಿ. ರಕ್ತ ಹರಿಯುವಲ್ಲಿ ಶುದ್ಧ ಬಟ್ಟೆಯಿಟ್ಟು ಬಿಗಿಯಾಗಿ ಒತ್ತಿ ಹಿಡಿಯಬೇಕು. ಒಬ್ಬ 108ಕ್ಕೆ ಫೋನು ಮಾಡಿ ಊರು, ಪಂಚಾಯತು, ರಾಜ್ಯ ಮೂರನ್ನೂ ಬಿಡಿಸಿ ಹೇಳಲಿ.

ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಸಿದ್ಧವಿವೆ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಗಾಯಾಳುವನ್ನು ನೋಡುವ ತರಬೇತಿ ಪಡೆದವರು ಯಾರು? ರಕ್ತ ಎಲ್ಲಿಂದ ಬರುತ್ತದೆ? ಮಂಗಳೂರಿಗೆ ಕಳುಹಿಸುವ ಮೊದಲು ಫೋನು ಮಾಡುವವರು ಯಾರು? ಅರ್ಜಿಯನ್ನು ಕನ್ನಡದಲ್ಲಿಯೂ ಮಲೆಯಾಳದಲ್ಲಿಯೂ ಬರೆದುಕೊಡಲು ನಾವು ಅಧ್ಯಾಪಕರಿದ್ದೇವೆ. ಸಹಿ ಹಾಕಲು ಮದ್ದು ಬಿಡುವವರೂ ಕೊಯ್ಯುವವರೂ ಬರಲಿ.