ಬಿಡುವಿನ ಭಾನುವಾರ: ಮಕ್ಕಳ ಕಾರಿಗೆ ಹೊಸ ಮೋಟಾರು

ನಮ್ಮ ಅಲೆನ್‌ಗೆ ಪಕ್ಕದೂರು ಮೆಕಿನ್ನಿ. ರಿಮೋಟ್ ಕಾರು ಮಾಡೋ ಟ್ರಾಕ್ಸಾಸ್ ಕಂಪನಿ ಇರೋದು ಅಲ್ಲೇ. ಆ ಹುಚ್ಚು ನಮಗೂ ಹತ್ತಿದೆ. ಹೋದ ಭಾನುವಾರ ಮಕ್ಕಳ ಸ್ಲ್ಯಾಶ್ ಕಾರಿನ ಬ್ರಷ್ ಮೋಟಾರು ಬಿಚ್ಚಿ ಬ್ರಷ್‌ಲೆಸ್ ಕೂರಿಸಿದೆವು. ಹಳೇ ಸ್ಪೀಡ್ ಕಂಟ್ರೋಲರ್ ಇದಕ್ಕೆ ಆಗಲ್ಲ, ಅದನ್ನೂ ಬದಲಿಸಬೇಕು. ವೈರು ಮೂರು. ಸೆನ್ಸರ್ ಇಲ್ಲದ ಮೋಟಾರು ಉಲ್ಟಾ ತಿರುಗಿದರೆ ಗಾಬರಿ ಬೇಡ, ಯಾವುದಾದರೂ ಎರಡು ವೈರು ಅದಲುಬದಲು ಮಾಡಿ. ಹಲ್ಲುಚಕ್ರಗಳ ನಡುವೆ ಕಾಗದದ ಚೂರು ಸಿಕ್ಕಿಸಿ ಸ್ಕ್ರೂ ಬಿಗಿದು, ಆಮೇಲೆ ಕಾಗದ ತೆಗೆದರೆ ಬೇಕಾದಷ್ಟೇ ಸಂದು ಉಳಿಯುತ್ತೆ. 3500 ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು, 7.4 ವೋಲ್ಟಿಗೆ 25,900! ಮೊದಲ ಸಲ ಚಕ್ರ ನೆಲ ಬಿಟ್ಟಿರಲಿ.

ನಾವು ಎಡವಿದ್ದು ಮಾತ್ರ ಬೇರೆ ಕಡೆ. ಲಿಪೊ ಬ್ಯಾಟರಿ ಹಾಕಿದೆವು, ಕಂಟ್ರೋಲರಿನಲ್ಲಿ ಲಿಪೊ ಕಟಾಫ್ ಆನ್ ಮಾಡೋದು ಮರೆತೆವು. ಸೆಲ್ಲು 3 ವೋಲ್ಟಿಗಿಂತ ಕೆಳಗಿಳಿದು ಬ್ಯಾಟರಿ ಪೂರಿ ಹಾಗೆ ಉಬ್ಬಿತು. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತೀತು. ಮನೆ ಕಸಕ್ಕೂ ಎಸೆಯಬೇಡಿ. ನಾವೆಲ್ಲ ಗೋಡೆಗೆ ಗೋಡೆ ಅಂಟಿದ ಬಾಡಿಗೆ ಮನೆಯೋರು, ಚಾರ್ಜಿಗಿಟ್ಟು ಮಲಗೋದು ಬೇಡವೇ ಬೇಡ. ಟೆಕ್ಸಾಸ್ ಬಿಸಿಲಲ್ಲಿ ನಿಲ್ಲಿಸಿದ ದೊಡ್ಡ ಕಾರಿನೊಳಗೂ ಬಿಟ್ಟು ಹೋಗಬೇಡಿ.