ಕೋವಿಗೆ ದುರ್ಬೀನು ಹಾಕಿಸುವ ಮುಂಚೆ

ಕೈಲ್ ಮುಹೂರ್ತ ಮುಗಿದ ವಾರದಲ್ಲಿ ಮೂವರು ಬಂದು ಒಂದೇ ಮಾತು ಕೇಳಿದರು: 'ಕೋವಿಗೊಂದು ದುರ್ಬೀನು ಹಾಕಿಸ್ಬೇಕು, ಕಡಿಮೆಗೆ ಯಾವುದು ತರೋದು?' ಮೂವರೂ ನನ್ನ ಹಾಗೆ ಎರಡು ಮೂರು ಎಕರೆ ಕಾಫಿಯವರು. ನನ್ನಲ್ಲೇ ಕೇಳಿದ್ದು ನನ್ನ ಗುರಿ ಚೆನ್ನಾಗಿದೆ ಅಂತಲ್ಲ. ದುರ್ಬೀನಿಗೆ ದುಡ್ಡು ಹಾಕಿ ಕೈಸುಟ್ಟುಕೊಂಡವನು ಅಂತ ಊರಿಗೆಲ್ಲ ಗೊತ್ತು!

ಬೇರೆ ಜಿಲ್ಲೆಯ ಓದುಗರಿಗೆ ಒಂದು ಮಾತು. ನಮ್ಮ ಕೊಡಗಿನಲ್ಲಿ ಕೋವಿ ಮನೆ ಸಾಮಾನಿನ ಹಾಗೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇದ್ದ ಹಳೆಯ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿತು. ಸೆಪ್ಟೆಂಬರ್ ಆರಂಭದ ಹಬ್ಬದ ಹೊತ್ತಿಗೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. .22 ರೈಫಲ್, 12 ಬೋರ್, .177 ಏರ್‌ಗನ್ ಅಂತ ವಿಭಾಗ. 12 ಬೋರಿಗೆ ಚರೆ ತೋಟೆ ಹಾಕುವವರು ದುರ್ಬೀನಿನ ಯೋಚನೆ ಬಿಟ್ಟುಬಿಡಿ. ಚರೆ ಹರಡಿಕೊಂಡು ಹೋಗುವಲ್ಲಿ ಅದಕ್ಕೆ ಕೆಲಸ ಇಲ್ಲ. ಇಲ್ಲಿ ಹೇಳುವುದೆಲ್ಲ ರೈಫಲ್‌ಗೂ ಏರ್‌ಗನ್ನಿಗೂ.

ದುರ್ಬೀನು ಶೋಕಿ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಾಳೀಸು ಬಂದ ಕಣ್ಣಿಗೆ ಹಿಂದಿನ ಸೈಟ್, ಮುಂದಿನ ಸೈಟ್, ಕಾಯಿ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲು ಆಗುವುದಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಮಸುಕು. ದುರ್ಬೀನಿನಲ್ಲಿ ಅಡ್ಡಗೆರೆಯೂ ಕಾಯಿಯೂ ಒಂದೇ ಕಡೆ ಕಾಣುತ್ತವೆ. ಐವತ್ತು ದಾಟಿದವನಿಗೆ ಅದು ಕನ್ನಡಕ ಇದ್ದ ಹಾಗೆ. ಆದರೆ ಸ್ಪರ್ಧೆಗೆಂದೇ ತರುವುದಾದರೆ ಮೊದಲು ನಡೆಸುವವರಲ್ಲಿ ಕೇಳಿ. ಒಲಿಂಪಿಕ್ಸ್ ರೈಫಲ್ ಸ್ಪರ್ಧೆಯಲ್ಲೇ ದುರ್ಬೀನಿಗೆ ಅವಕಾಶವಿಲ್ಲ. ನನಗೆ ಒಂದೂರಲ್ಲಿ ಬಿಟ್ಟರು, ಇನ್ನೊಂದೂರಲ್ಲಿ ಬಿಚ್ಚಿಸಿದರು.

ಈಗ ನನ್ನ ಕತೆ. ಪೇಟೆಯ ಒಂದು ಅಂಗಡಿಯಲ್ಲಿ 6-24×50 ಅಂತ ಬರೆದ, ಮೊಳಕೈ ಉದ್ದದ ದುರ್ಬೀನು ಕಂಡೆ. 24 ಪಟ್ಟು ದೊಡ್ಡದಾಗಿ ಕಾಣುತ್ತದಂತೆ, 6500 ರೂಪಾಯಿಯಂತೆ. ಹತ್ತು ಕಿಲೋ ಕಾಳುಮೆಣಸಿನ ದುಡ್ಡು ಕೊಟ್ಟು ತಂದೆ. ತಂದೆಯವರ ಕಾಲದ .22ಗೆ ಕೂರಿಸಿ ನೋಡಿದರೆ ಕಾಯಿಯನ್ನು ಹುಡುಕುವುದೇ ಒಂದು ಕೆಲಸ! ಸಿಕ್ಕಿದ ಮೇಲೂ ಎದೆಬಡಿತಕ್ಕೆಲ್ಲ ಕುಣಿಯುತ್ತದೆ. ಸಿಲ್ವರ್ ಓಕ್ ನೆರಳಿನಲ್ಲಿ ಸಂಜೆ ಐದೂವರೆಗೇ ಕತ್ತಲು.

ಕಾರಣ ಆಮೇಲೆ ತಿಳಿಯಿತು, ಲೆಕ್ಕ ಸುಲಭ. 6-24×50 ಅಂದರೆ 6ರಿಂದ 24 ಪಟ್ಟು, ಮುಂದಿನ ಗಾಜಿನ ಅಗಲ 50 ಮಿ.ಮೀ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಡಿಯ ಅಗಲ ಸಿಗುತ್ತದೆ. 50ನ್ನು 24ರಿಂದ ಭಾಗಿಸಿ: ಬರೀ 2 ಮಿ.ಮೀ. ಅದೇ ಚಿಕ್ಕ 4×32 ದುರ್ಬೀನಿಗೆ 8 ಮಿ.ಮೀ. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಅರಳಿದರೂ ವಯಸ್ಸಾದವರಿಗೆ 5 ಮಿ.ಮೀ. ಆಸುಪಾಸು. ಚಿಕ್ಕದರಲ್ಲೇ ಕಣ್ಣು ತುಂಬ ಬೆಳಕು. ಅದಕ್ಕೇ ನನ್ನ ಮಾತು: ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಪಟ್ಟು ಬದಲಾಗದ 4 ಪಟ್ಟಿನದನ್ನೇ ತನ್ನಿ. ಒಳಗೆ ಗಾಜು ಕಡಿಮೆ, ತಿರುಗುವ ಭಾಗ ಕಡಿಮೆ, ಕೆಡುವುದೂ ಕಡಿಮೆ. ಅದೇ ಬೆಲೆಯ ದೊಡ್ಡ ದುರ್ಬೀನು ಅಂದರೆ ಎಲ್ಲೋ ಒಂದು ಕಡೆ ಕಳಪೆ ಮಾಡಿದ್ದಾರೆ ಅಂತಲೇ ಅರ್ಥ. 50 ಮೀಟರಿನ ತೆಂಗಿನಕಾಯಿಗೆ 4 ಪಟ್ಟು ಧಾರಾಳ.

ಅಷ್ಟಕ್ಕೇ ಬುದ್ಧಿ ಬರಲಿಲ್ಲ. ಅದೇ ದುರ್ಬೀನನ್ನು ಮಗಳ ಏರ್‌ಗನ್ನಿಗೆ ಹಾಕಿದೆ. ಒಂದು ಡಬ್ಬಿ ಪೆಲೆಟ್ ಮುಗಿಯುವ ಮೊದಲೇ ಅಡ್ಡಗೆರೆ ಕಿತ್ತು ಓರೆಯಾಯಿತು. ಸ್ಪ್ರಿಂಗ್ ಏರ್‌ಗನ್ನಿನ ಒದೆತ ವಿಚಿತ್ರ. ಪಿಸ್ಟನ್ ಹೊರಟಾಗ ಕೋವಿ ಹಿಂದಕ್ಕೆ ಜಿಗಿಯುತ್ತದೆ, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೆ. ಹಿಂದಿನ ಒದೆತಕ್ಕೆ ಮಾತ್ರ ಮಾಡಿದ ದುರ್ಬೀನು, ಅದು ದೊಡ್ಡ ರೈಫಲ್ಲಿನದ್ದೇ ಆಗಿರಲಿ, ಮುಂದಿನ ಒದೆತಕ್ಕೆ ತಡೆಯುವುದಿಲ್ಲ. 'ಏರ್‌ಗನ್ನಿಗೆ ಆಗುವಂಥದ್ದು' ಅಂತ ಡಬ್ಬಿಯ ಮೇಲೆ ಬರೆದದ್ದನ್ನೇ ಕೇಳಿ.

ಇನ್ನೊಂದು ವ್ಯತ್ಯಾಸವೂ ಇದೆ. ದುರ್ಬೀನಿನ ಹಿಂದೆ ತಲೆ ಕೊಂಚ ಆಚೀಚೆ ಮಾಡಿ ನೋಡಿ, ಕೆಲವು ದೂರದಲ್ಲಿ ಅಡ್ಡಗೆರೆ ಗುರಿಯ ಮೇಲೆ ಹರಿದಾಡುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಅಂತಾರೆ. ದೊಡ್ಡ ರೈಫಲ್ಲಿನದ್ದನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, .22ನದ್ದನ್ನು 50 ಗಜಕ್ಕೆ. ಏರ್‌ಗನ್ನಿನವರು 15 ಮೀಟರ್ ದೂರಕ್ಕೆ ಹೊಡೆಯುವಾಗ 100 ಗಜದ್ದನ್ನು ಬಳಸಿದರೆ, ಕೆನ್ನೆ ಸರಿಯಾಗಿ ಕೂರದ ದಿನ ಒಂದು ಸೆಂ.ಮೀ.ಗೂ ಮೀರಿ ತಪ್ಪುತ್ತದೆ. ಏರ್‌ಗನ್ನಿಗೆ ಬಳೆ ತಿರುಗಿಸಿ 10 ಗಜದವರೆಗೆ ದೂರ ಹೊಂದಿಸುವಂಥದ್ದು ಒಳ್ಳೆಯದು.

ಮೌಂಟಿಗೆ, ಅಂದರೆ ದುರ್ಬೀನನ್ನು ಹಿಡಿದುಕೊಳ್ಳುವ ಬಳೆಗಳಿಗೆ, ಜಿಪುಣತನ ಮಾಡಬೇಡಿ. ಏರ್‌ಗನ್ನಿಗೂ ಎಷ್ಟೋ .22ಗೂ 11 ಮಿ.ಮೀ. ಗಾಡಿ ಇರುತ್ತದೆ, ಮನೆಯಲ್ಲೇ ಅಳೆದುಕೊಂಡು ಹೋಗಿ. ಏರ್‌ಗನ್ನಿಗೆ ಒಂದೇ ತುಂಡಿನ, ಹಿಂದೆ ಜಾರದಂತೆ ತಡೆಪಿನ್ನು ಇರುವ ಮೌಂಟ್ ಬೇಕು. ಹಳೆಯ ರೈಫಲ್‌ಗೆ ಗಾಡಿಯೇ ಇಲ್ಲದಿದ್ದರೆ ಊರ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರೇ ಮಾಡಬೇಕು. .315 ಇರುವವರು ದುರ್ಬೀನಿಗೂ ಕಣ್ಣಿಗೂ ಮೂರು ಇಂಚಾದರೂ ಅಂತರ ಉಳಿಯುತ್ತದಾ ನೋಡಿ, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ.

ಗುರಿ ಕೂರಿಸಲು ಗುಂಡು ಸುಮ್ಮನೆ ಸುಡಬೇಡಿ. ಕೋವಿ ಖಾಲಿ ಇದೆ ಅಂತ ಖಾತ್ರಿ ಮಾಡಿ, ಬೋಲ್ಟ್ ತೆಗೆದು ಮರಳಿನ ಚೀಲದ ಮೇಲಿಟ್ಟು ನಳಿಗೆಯ ಒಳಗಿಂದಲೇ 25 ಮೀಟರಿನ ಗುರಿ ನೋಡಿ, ಅಲುಗಿಸದೆ ಅಡ್ಡಗೆರೆಯನ್ನು ಅಲ್ಲಿಗೇ ತನ್ನಿ. ಆಮೇಲೆ ಮೂರು ಗುಂಡು ಹೊಡೆದು ಮೂರರ ನಡುವನ್ನು ಲೆಕ್ಕ ಹಿಡಿಯಿರಿ. ಕಾಲು ಮಿನಿಟಿನ ಒಂದು ಕ್ಲಿಕ್ಕಿಗೆ 50 ಮೀಟರಿನಲ್ಲಿ 3.6 ಮಿ.ಮೀ. ಸರಿಯುತ್ತದೆ. 5 ಸೆಂ.ಮೀ. ಕೆಳಗೆ ಬಿದ್ದರೆ 14 ಕ್ಲಿಕ್ ಮೇಲೆ. ಗುರಿಯ ಹಿಂದೆ ಮಣ್ಣಿನ ಬರೆ ಇರಲೇಬೇಕು, .22ರ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು.

ನಮ್ಮ ಮಳೆಗೆ ಗಾಜಿನೊಳಗೆ ಹಬೆ, ಆಮೇಲೆ ಬೂಷ್ಟು. ಸಾರಜನಕ ತುಂಬಿ ಮುಚ್ಚಿದ್ದನ್ನು ಕೇಳಿ. ಕಕ್ಕಡದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ.

ಇಷ್ಟು ವ್ಯವಹಾರದ ಮಾತು. ಬರೆಯಲು ಕೂತದ್ದು ಬೇರೆ ಕಾರಣಕ್ಕೆ.

ಆ ದೊಡ್ಡ ದುರ್ಬೀನು .22ರ ಮೇಲೆ ಇದ್ದಾಗಿನ ಮಾತು. ಒಂದು ಸಂಜೆ ಗದ್ದೆ ಅಂಚಿನ ಲಂಟಾನದಲ್ಲಿ ಏನೋ ಅಲುಗಿತು. ಹಂದಿ ಇರಬೇಕು, ಸದ್ದು ಮಾಡಿ ಓಡಿಸೋಣ ಅಂತ ಕೋವಿ ತಂದಿದ್ದೆ. ಏನೆಂದು ನೋಡಲು ಕೋವಿಯನ್ನೇ ಎತ್ತಿ ದುರ್ಬೀನಿಗೆ ಕಣ್ಣಿಟ್ಟೆ. ಅಡ್ಡಗೆರೆಯ ನಡುವೆ ಕಂಡದ್ದು ಒಂದು ಸೀರೆಯ ಸೆರಗು. ನಮ್ಮ ಲೈನಿನ ಹೆಂಗಸು, ಸೌದೆ ಆಯುತ್ತಿದ್ದಳು. ಕೋವಿಯಲ್ಲಿ ಗುಂಡು ಇತ್ತು. ಬೆರಳು ಎಲ್ಲಿತ್ತು ಅಂತ ಈಗಲೂ ಸರಿಯಾಗಿ ನೆನಪಿಲ್ಲ. ಅವಳಿಗೆ ಇವತ್ತಿನವರೆಗೆ ಹೇಳಿಲ್ಲ. ಹಂದಿಯೆಂದು ತಿಳಿದು ಮನುಷ್ಯರಿಗೆ ಈಡು ಹೊಡೆದ ಸುದ್ದಿ ಮಲೆನಾಡಿನಲ್ಲಿ ಹೊಸದಲ್ಲ. ಹಂದಿಯೇ ಆಗಿದ್ದರೂ, 1972ರ ವನ್ಯಜೀವಿ ಕಾಯ್ದೆಯಡಿ ನಮ್ಮಷ್ಟಕ್ಕೆ ಕೊಲ್ಲುವ ಹಾಗಿಲ್ಲ.

ಕೋವಿಯ ದುರ್ಬೀನು ಇರುವುದು ಗುರಿ ಇಡಲು, ಏನೆಂದು ನೋಡಲು ಅಲ್ಲ. ಅದರಲ್ಲಿ ನೋಡಿದ್ದೆಲ್ಲದರ ಕಡೆಗೆ ನಳಿಗೆ ತಿರುಗಿರುತ್ತದೆ. ಆದ್ದರಿಂದ ಆ ಮೂವರಿಗೆ ಹೇಳಿದ್ದು ಇದು: ದುಡ್ಡು ಒಂದಕ್ಕೇ ಇದ್ದರೆ ಮೊದಲು ಕುತ್ತಿಗೆಗೆ ಹಾಕುವ ಸಾದಾ 8×40 ಬೈನಾಕ್ಯುಲರ್ ತನ್ನಿ, ಕೋವಿಯದ್ದು ಮುಂದಿನ ಫಸಲಿಗೆ. ಇಬ್ಬರು ನಕ್ಕರು, ಒಬ್ಬರು ತಂದರು.

ನಮ್ಮ ಮನೆಯಲ್ಲಿ ಈಗ 4×32 ಹಾಕಿದ ಕೋವಿ ಬೀರುವಿನಲ್ಲಿ ಬೀಗದೊಳಗೆ. ಬೈನಾಕ್ಯುಲರ್ ಜಗಲಿಯ ಮೊಳೆಯಲ್ಲಿ. ಓಕ್ ಮರದ ತುದಿಯ ಬಳ್ಳಿಯಲ್ಲಿ ಮೆಣಸು ಹಣ್ಣಾಗಿದೆಯಾ ಅಂತ ಏಣಿ ಹತ್ತದೆ ನೋಡಲು ಮಗಳು ದಿನಾ ಒಯ್ಯುತ್ತಾಳೆ.