ಗೃಹಾರೋಗ್ಯ: ಮಳೆಗಾಲದ ಕೆಮ್ಮು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಕೆಮ್ಮೆಂದರೆ ಯಾರೂ ಬೆಚ್ಚುವುದಿಲ್ಲ. ಆಷಾಢದಲ್ಲಿ ಕೆಮ್ಮಿದರೆ ಮಳೆಯ ಥಂಡಿ. ಮಾರ್ಗಶಿರದಲ್ಲಿ ಕೆಮ್ಮಿದರೆ ಇಬ್ಬನಿ. ಬೇಸಗೆಯಲ್ಲಾದರೆ ಧೂಳು, ಇಲ್ಲವೆ ಬೀಡಿ. ಹನ್ನೆರಡು ತಿಂಗಳಿಗೂ ಒಂದೊಂದು ಕಾರಣವು ಸಿದ್ಧವಾಗಿರುವುದರಿಂದ ಕ್ಷಯವೆಂಬ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಮೊದಲು ಕಷಾಯವಾಗುವುದು, ಬಳಿಕ ಪೇಟೆಯಿಂದ ಒಂದು ಸೀಸೆ ಔಷಧ ಬರುವುದು, ಅಷ್ಟರಲ್ಲಿ ಮೂರು ತಿಂಗಳು ಕಳೆದಿರುವುದು. ಕಷಾಯವನ್ನು ನಾವು ಹಳಿಯುವವರಲ್ಲ. ನಮ್ಮ ಮನೆಯ ಒಲೆಯ ಮೇಲೂ ಅದು ಕುದಿಯುವುದುಂಟು. ಎರಡು ವಾರ ಮೀರಿದ ಕೆಮ್ಮಿಗೆ ಅದು ಸಾಲದೆಂಬುದಷ್ಟೇ ನಮ್ಮ ಮಾತು.

ದೋಷವೆಲ್ಲವೂ ರೋಗಿಯದೆನ್ನುವಂತಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯಲ್ಲಿ ಮನೆಮನೆಯ ರೋಗಿಗಳನ್ನು ವಿಚಾರಿಸಿ 1963ರಲ್ಲಿ ವರದಿಯನ್ನು ಪ್ರಕಟಿಸಿದರು. ಹಳ್ಳಿಗರು ರೋಗವನ್ನು ಅರಿಯರು, ಆಸ್ಪತ್ರೆಗೆ ಬಾರರು ಎಂದು ಪೇಟೆಯವರು ಭಾವಿಸಿದ್ದ ಕಾಲವದು. ಕಂಡುದೇ ಬೇರೆ. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಾಗಿಲಿಗೆ ಹೋಗಿಬಂದಿದ್ದರು. ಅವರಲ್ಲಿ ಬಹುಮಂದಿಗೆ ದೊರೆತುದು ಕೆಮ್ಮಿನ ಸೀಸೆ ಮಾತ್ರ. ಆದುದರಿಂದ ಚಿಕಿತ್ಸಾಲಯಕ್ಕೆ ಹೋದವರು ಸೀಸೆಯನ್ನು ಹಿಡಿದು ಹಿಂದಿರುಗದೆ, "ಎರಡು ವಾರವಾಯಿತು, ಕಫವನ್ನು ಪರೀಕ್ಷಿಸಿರಿ" ಎಂದು ತಾವಾಗಿಯೇ ಕೇಳಬೇಕು. ಇದರಲ್ಲಿ ಅವಿನಯವೇನೂ ಇಲ್ಲ. ಸರ್ಕಾರದ ಆರೋಗ್ಯ ಕೇಂದ್ರದ ಮೂಲಕ ಈ ಪರೀಕ್ಷೆಯು ಉಚಿತ. ಮುಂಜಾನೆ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎದೆಯಾಳದಿಂದ ತೆಗೆದ ಕಫವಾಗಬೇಕು. ಬರಿಯ ಉಗುಳನ್ನು ಕೊಟ್ಟರೆ ಪರೀಕ್ಷೆಯು ವ್ಯರ್ಥ. ಸೂಕ್ಷ್ಮದರ್ಶಕಕ್ಕೆ ಸಿಕ್ಕದ ಅಲ್ಪಸಂಖ್ಯೆಯ ಕ್ರಿಮಿಗಳನ್ನೂ ಈಗಿನ ಟ್ರೂನ್ಯಾಟ್ ಯಂತ್ರವು ಕೆಲವೇ ಗಂಟೆಗಳಲ್ಲಿ ತೋರಿಸಿಕೊಡುವುದು.

ಇನ್ನು ಮನೆಯೊಳಗಿನ ವಿಚಾರ. ಅಡಿಕೆಯ ಕೊನೆ ಇಳಿದ ಕಾಲದಲ್ಲಿ ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿ ಬಹಳ ಹೊತ್ತು ಸುಲಿಯುವುದನ್ನು ನಮ್ಮ ವಾಚಕರು ಬಲ್ಲರು; ಈಗ ಯಂತ್ರಗಳು ಬಂದಿದ್ದರೂ ಆ ಕೂಟವು ಪೂರ್ಣವಾಗಿ ನಿಂತಿಲ್ಲ. ಚಳಿಗೆಂದು ಬಾಗಿಲು ಮುಚ್ಚಿರುವುದು; ಸಾಲಿನಲ್ಲೊಬ್ಬನು ಕೆಮ್ಮುತ್ತಿರುವನು. ಮರುದಿನ ಮನೆಯವರು ಅವನ ಲೋಟವನ್ನು ಬೇರೆಯಿಡುವರು! ರೋಗವು ಹರಡುವುದು ಲೋಟದಿಂದಲ್ಲ, ಗಾಳಿಯಿಂದ. ಲೋಟವನ್ನು ಬೇರೆಯಿಟ್ಟರೆ ಅವನು ನಾಚಿ ಕೆಮ್ಮನ್ನು ಅಡಗಿಸುವನೇ ಹೊರತು ಆಸ್ಪತ್ರೆಗೆ ಹೋಗನು. ಕಿಟಕಿಯನ್ನು ತೆರೆಯಿರಿ, ಅವನ ಬಾಯಿಗೊಂದು ಬಟ್ಟೆಯನ್ನು ಕಟ್ಟಿಸಿರಿ, ಅರ್ಧ ದಿನದ ಕೂಲಿಯನ್ನು ಹಿಡಿಯದೆ ಪರೀಕ್ಷೆಗೆ ಕಳುಹಿಸಿರಿ. ಕೂಲಿ ತಪ್ಪುವ ಭಯವೇ ಬಡವನನ್ನು ತಡೆಯುವುದು, ಅಜ್ಞಾನವಲ್ಲ.

ಔಷಧವನ್ನು ಆರಂಭಿಸಿದ ಮೇಲಿನ ಕಷ್ಟವು ಬೇರೊಂದು ಬಗೆಯದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲೆರಡು ತಿಂಗಳು ನಾಲ್ಕು ಔಷಧಗಳು, ಅನಂತರ ಮೂರು. ಎರಡನೆಯ ತಿಂಗಳಿಗೆ ಕೆಮ್ಮು ಅಡಗಿ, ಹಸಿವು ಕೂಡಿ, ರೋಗಿಯು ತಾನು ಗುಣವಾದೆನೆಂದು ತಿಳಿಯುವನು. ಕೆಲವರು ಮೂತ್ರವು ಕೆಂಪಾದುದನ್ನು ಕಂಡು ಹೆದರಿ ಬಿಡುವರು. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ರಕ್ತವಲ್ಲ. ಕಣ್ಣು ಹಳದಿಯಾದರೆ ಅಥವಾ ವಾಂತಿಯು ನಿಲ್ಲದಿದ್ದರೆ ಮಾತ್ರ ಅಂದೇ ವೈದ್ಯರಲ್ಲಿಗೆ ಹೋಗಬೇಕು. ನಡುವೆ ಬಿಟ್ಟ ಔಷಧಕ್ಕೆ ಕ್ರಿಮಿಗಳು ಮಣಿಯದಂತಾಗಬಹುದು. ಆಗಿನ ಚಿಕಿತ್ಸೆಯು ಇದಕ್ಕಿಂತ ಬಹು ಕಠಿಣ. ತಿಂಗಳಿಗೊಮ್ಮೆ ತೂಕ, ಎರಡನೆಯ ತಿಂಗಳ ಕೊನೆಗೆ ಮತ್ತೆ ಕಫಪರೀಕ್ಷೆ, ಮುಗಿದ ಮೇಲೂ ಎರಡು ವರ್ಷ ಆಗಾಗ ವಿಚಾರಣೆ, ಇವೆಲ್ಲ ನಿಯಮಗಳು. ಆದರೆ ಮಳೆಯಲ್ಲಿ ಕಾಲುಸಂಕ ದಾಟಿ ಬರಬೇಕಾದವನಿಗೆ ನಿಯಮವು ನಡೆದುಬಂದು ಔಷಧವನ್ನು ಕೊಡದು. ಅಲ್ಲಿ ಆಶಾ ಕಾರ್ಯಕರ್ತೆಯೋ ನೆರೆಯವರೋ ನೆರವಾಗಬೇಕು.

ಆಹಾರದ ಮಾತನ್ನು ಬಿಡುವಂತಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವರು ಜಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗಿಯ ಮನೆಯವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆಯನ್ನು ಕೊಟ್ಟುದರಿಂದ ಅವರಲ್ಲಿ ಹೊಸದಾಗಿ ರೋಗ ಕಾಣಿಸಿಕೊಳ್ಳುವುದು ಶೇಕಡ 40ರಷ್ಟು ತಗ್ಗಿತು. ಔಷಧಿಯಂಗಡಿಯಲ್ಲಿ ಟಾನಿಕ್ಕಿಗೆ ಹಣ ಸುರಿಯುವವರು ಇದನ್ನು ಗಮನಿಸುವರೆಂದು ನಂಬುತ್ತೇವೆ. ಸರ್ಕಾರವು 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿಯನ್ನು ಕೊಡುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1000ಕ್ಕೆ ಏರಿಸಿತು.

ಕೊನೆಯದಾಗಿ ತೋಟದ ಯಜಮಾನರಲ್ಲೊಂದು ವಿಜ್ಞಾಪನೆ. ಕಾಫಿ ಕೊಯ್ಲು ಮುಗಿದೊಡನೆ ಲೈನಿನ ಮನೆಯನ್ನು ಬಿಟ್ಟು ಶೃಂಗೇರಿಯ ಕಡೆಯಿಂದ ನರಸಿಂಹರಾಜಪುರದ ಕಡೆಗೋ ತನ್ನ ಊರಿಗೋ ಹೊರಡುವ ಆಳು ಔಷಧ ಸೇವಿಸುತ್ತಿರುವವನಾದರೆ, ಲೆಕ್ಕ ಚುಕ್ತಾ ಮಾಡುವ ದಿನವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಅವನ ಹೆಸರು 'ನಿಕ್ಷಯ್' ದಾಖಲೆಯಲ್ಲಿರುವುದು. ಹೋಗುವ ಊರನ್ನು ಹೇಳಿದರೆ ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸುವರು, ದಾರಿಯ ದಿನಗಳಿಗೆ ಬೇಕಾದ ಮಾತ್ರೆಗಳನ್ನೂ ಕೇಳಿ ಪಡೆಯಬಹುದು.